ಕಾಕೂ ಕನ್ನಡದಲ್ಲಿ ಬರೆದ ಕೆಲವು ವಾರ

ನಕ್ಕರು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಕೆಮ್ಮಿದರು ಎಂದು ಬರೆದೆ. ಅದೂ ಸರಿ ಅನ್ನಿಸಲಿಲ್ಲ. ಅತ್ತೆಯ ಬಾಯಿಂದ ಆಗ ಒಂದು ಸಣ್ಣ ಸದ್ದು ಬಂದದ್ದು ನಿಜ, ಅವರ ಕೈಯಲ್ಲಿ ನನ್ನ ಫೋನು ಇದ್ದದ್ದೂ ನಿಜ. ಕನ್ನಡಕ ಹಣೆಯ ಮೇಲೆ ಏರಿತ್ತೋ ಮೂಗಿನ ಮೇಲಿತ್ತೋ ತಿಳಿಯದು. ಹಣೆಯ ಮೇಲಿದ್ದಿದ್ದರೆ ಅವರು ಓದಿರಲಾರರು. ಓದಿರದಿದ್ದರೆ ನಾನು ಮುಂದೆ ಹೇಳುವುದೆಲ್ಲ ಸುಳ್ಳಾಗುತ್ತದೆ. ಆದ್ದರಿಂದ ಮೂಗಿನ ಮೇಲಿತ್ತು ಎಂದು ಇಟ್ಟುಕೊಳ್ಳುತ್ತೇನೆ. ನನ್ನ ನೆನಪು ಕೆಲಸ ಮಾಡುವುದೇ ಹೀಗೆ, ಬೇಕಾದಾಗ ಕನ್ನಡಕ ಇಳಿಸಿಕೊಡುತ್ತದೆ.

ಅನುಮಾನವಿಲ್ಲದ ಸಂಗತಿಗಳೂ ಕೆಲವಿವೆ. ಅತ್ತೆ ಹುಬ್ಬಳ್ಳಿಯವರು. ಮಾವನಿಗೆ ಸಿವಿಲ್ ಲೈನ್ಸ್‌ನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸವಿತ್ತು, ಹಾಗಾಗಿ ಮದುವೆಯಾದ ವರ್ಷವೇ ನಾಗಪುರಕ್ಕೆ ಬಂದರು, ಇಲ್ಲೇ ಉಳಿದರು. ಮರಾಠಿಯನ್ನು ಕಿವಿಯಿಂದ ಕಲಿತರು. ತರಕಾರಿಯವನ ಜೊತೆ ಜಗಳವಾಡುವಷ್ಟು, ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುವಷ್ಟು. ಓದಲು ಮಾತ್ರ ಕಲಿಯಲಿಲ್ಲ. ಅಂಗಡಿ ಬೋರ್ಡು, ಬಸ್ಸಿನ ಹಣೆ, ಎಲ್ಲವನ್ನೂ ಮಾವ ಓದಿ ಹೇಳುತ್ತಿದ್ದರು. ಅವರು ಹೋದಮೇಲೆ ನನ್ನ ಗಂಡ, ಅವನಿಲ್ಲದಾಗ ನಾನು. ನಾನು ಮೈಸೂರಿನವಳು, ಇಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಒಮ್ಮೆ, ದೇವನಾಗರಿ ಕಲಿಸಿಕೊಡಲೇ ಎಂದು ಕೇಳಿದ್ದಕ್ಕೆ ಅತ್ತೆ, "ಅವೇನ ಅಕ್ಷರೇನು? ಹಗ್ಗಕ್ಕ ಒಣಾ ಹಾಕಿದ ಅರಬಿ ಜೋತಾಡಿದಂಗ ಕಾಣಸ್ತಾವ" ಎಂದಿದ್ದರು. ಅದಾದ ಮೇಲೆ ನಾನು ಆ ಮಾತೆತ್ತಲಿಲ್ಲ.

ಎದುರು ಬಾಗಿಲಿನ ಮನೆಯಲ್ಲಿ ಕಾಕೂ ಇದ್ದರು. ಕಾಕೂ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನಮ್ಮ ಮಹಡಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಪ್ರೈಮರಿ ಶಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದವರು. ಎರಡು ಬಾಗಿಲುಗಳ ನಡುವೆ ಒಂದು ಸ್ಟೀಲಿನ ಡಬ್ಬಿ ಓಡಾಡಿಕೊಂಡಿತ್ತು. ಅದು ಯಾರ ಡಬ್ಬಿ ಎಂಬುದು ಯಾರಿಗೂ ನೆನಪಿರಲಿಲ್ಲ. ನಿಯಮ ಎರಡೇ. ಡಬ್ಬಿ ಖಾಲಿ ತಿರುಗಬಾರದು. ಕೊಟ್ಟವರ ಎದುರಿಗೆ ಅದರ ಬಾಯಿ ತೆಗೆಯಬಾರದು, ಒಳಗಿನದರ ಬಗ್ಗೆ ಮಾತೂ ಆಡಬಾರದು. ಏನಿದ್ದರೂ ತುಂಬಿ ವಾಪಸು ಕೊಡುವಾಗ. ಕಾಕೂ ಸಾವನೇರಿನ ಮಗಳ ಮನೆಗೆ ಹೋಗಿ ನೆಲೆಸಿದಾಗ ಡಬ್ಬಿ ನಮ್ಮ ಕಡೆ ಇತ್ತು. ಅಳಿಯನಿಗೆ ಅಲ್ಲಿನ ಕಲ್ಲಿದ್ದಲ ಗಣಿಯಲ್ಲಿ ನೌಕರಿ. ಸಾವನೇರು ದೂರವೇನಲ್ಲ, ಆದರೆ ಇಬ್ಬರ ಮೊಣಕಾಲುಗಳಿಗೂ ಬಸ್ಸಿನ ಮೆಟ್ಟಿಲು ಎತ್ತರ.

ಸಾವನೇರಿನಿಂದ ಕಾಕೂ ವಾರಕ್ಕೊಮ್ಮೆ ಬ್ಲಾಗ್ ಬರೆಯತೊಡಗಿದರು. ಅಂಗಳಕ್ಕೆ ಬರುವ ಕಲ್ಲಿದ್ದಲ ಧೂಳು, ಮಗಳ ಟಿವಿ ಹುಚ್ಚು, ಕಿತ್ತಳೆ ಮಾರುವವನ ಸುಳ್ಳು. ಅತ್ತೆಗೆ ಅದನ್ನು ಓದುವ ಆಸೆ. ಪ್ರತಿ ವಾರ ನನ್ನಿಂದ ಓದಿಸಿಕೊಳ್ಳಲು ಸಂಕೋಚ. ಹುಡುಕಿ ನೋಡಿದಾಗ ಬ್ರೌಸರ್‌ಗೆ ಅಂಟಿಸಿಕೊಳ್ಳುವ ಒಂದು ಪುಟ್ಟ ಆಡ್-ಆನ್ ಸಿಕ್ಕಿತು, ಅತ್ತೆ ಬಳಸುವ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಅದು ಮಾಡುತ್ತಿದ್ದುದು ಒಂದೇ ಕೆಲಸ: ಪುಟದಲ್ಲಿರುವ ದೇವನಾಗರಿ ಅಕ್ಷರವನ್ನು ಕನ್ನಡ ಅಕ್ಷರವಾಗಿ ತೋರಿಸುವುದು. ಭಾಷೆ ಮರಾಠಿಯೇ, ಅಕ್ಷರ ಮಾತ್ರ ನಮ್ಮದು. "ಆಜ ಸಕಾಳೀ ಕೋಳಶಾಚಾ ಟ್ರಕ್ ಪುನ್ಹಾ ಆಲಾ" ಎಂದು ಅತ್ತೆ ಮೊದಲ ಸಲ ತಾವೇ ಓದಿದ ಮಧ್ಯಾಹ್ನ ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಗಟ್ಟಿಯಾಗಿ ಓದುತ್ತಿದ್ದರು, ಕಾಕೂ ಧಾಟಿಯಲ್ಲೇ, ಕಾಕೂ ಎಳೆಯುವ ಕಡೆ ಎಳೆದು. ಇವತ್ತು ಬೆಳಿಗ್ಗೆ ಕಲ್ಲಿದ್ದಲಿನ ಟ್ರಕ್ ಮತ್ತೆ ಬಂತು, ಅಷ್ಟೇ ಅದರ ಅರ್ಥ. ಅತ್ತೆ ಅದಕ್ಕೇ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ನಗೆಯ ಬಗ್ಗೆ ನನಗೆ ಅನುಮಾನವಿಲ್ಲ.

ಆಮೇಲಿನದರ ಬಗ್ಗೆ ಇದೆ. ಯಾವಾಗಲೋ ಆ ಗಟ್ಟಿ ಓದು ನಿಂತಿತ್ತು. ನಾನು ಅದನ್ನು ಆಗಲೇ ಗಮನಿಸಿದ್ದೆನೋ, ಎಲ್ಲ ತಿಳಿದಮೇಲೆ ಗಮನಿಸಿದ್ದೆ ಅಂದುಕೊಂಡೆನೋ, ಹೇಳಲಾರೆ. ಅತ್ತೆ ಹಾಲಿನ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಮಾತ್ರ ಕಂಡಿದ್ದೆ. ಒಂದು ದಿನ ಅಡುಗೆಮನೆಗೆ ಬಂದು ಪೊಟ್ಟಣದ ಮೇಲಿನ ಒಂದು ದೇವನಾಗರಿ ಅಕ್ಷರಕ್ಕೆ ಬೆರಳಿಟ್ಟು, "ಇದು ಕ ಏನು, ಫ ಏನು?" ಎಂದು ಕೇಳಿದರು. ಕ ಎಂದೆ. "ಬರೋಬರ್" ಎಂದು, ನನಗೇ ಪರೀಕ್ಷೆ ಇಟ್ಟಿದ್ದವರ ಹಾಗೆ ಹೊರಟುಹೋದರು.

ಒಂದು ಶುಕ್ರವಾರ ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಅತ್ತೆ ಒಂದು ಹಾಳೆ ಮುಂದೆ ಹಿಡಿದರು. ದೇವನಾಗರಿಯಲ್ಲಿ, ತಲೆಗೆರೆಯನ್ನು ಸ್ಕೇಲಿಟ್ಟು ಎಳೆದು, ಮರಾಠಿಯಲ್ಲಿ ಕಾಕೂಗೆ ಬರೆದಿದ್ದರು.

"ತಪ್ಪಿದ್ರ ಹೇಳು. ನಿನ್ನ ಸಾಲಿ ಹುಡುಗರಿಗೆ ಹೇಳಿದಂಗ ಹೇಳಬ್ಯಾಡ ಮತ್ತ."

ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಸುಮಾರು ಹೀಗೆ: ಅಕ್ಕಾ, ಈ ವಯಸ್ಸಿನಲ್ಲಿ ನೀನು ನನ್ನ ಸಲುವಾಗಿ ಕನ್ನಡ ಕಲಿತು ಬರೆಯುತ್ತಿದ್ದೀಯ. ನಾನು ಇಷ್ಟು ವರ್ಷ ನಿನ್ನ ಊರಲ್ಲಿದ್ದು ನಿನ್ನ ಅಕ್ಷರ ಕಲಿಯಲಿಲ್ಲ. ಈಗ ಕಲಿತಿದ್ದೇನೆ. ಪಾಳಿ ನನ್ನದಿತ್ತು.

"ಭಾನುವಾರ ಸಾವನೇರಕ್ಕ ಹೋಗೂಣು" ಎಂದರು ಅತ್ತೆ. "ಡಬ್ಬಿ ತುಂಬಿಸಿ ಒಯ್ಯತೀನಿ. ಆಕಿ ಮಗಳು, ಅಳಿಯ ಎಲ್ಲಾರೂ ಇರತಾರ. ಎಲ್ಲಾರ ಮುಂದ ಇದನ್ನ ಓದತೀನಿ."

"ಕಾಕೂ ಕನ್ನಡ ಕಲಿತರಾ? ಫೋನಲ್ಲಿ ಹೇಳಿದರಾ?"

"ಹೇಳತಾಳೇನು? ಡಬ್ಬಿ ಕೊಟ್ಟ ಮ್ಯಾಲ ಯಾರರ ಒಳಗ ಏನ ಐತಿ ಅಂತ ಹೇಳತಾರ? ನಾನೂ ಕೇಳಿಲ್ಲ."

ಒಂದು ಕಾಗುಣಿತ ತಿದ್ದಿದೆ. ಅತ್ತೆ ದೀಪ ಹಚ್ಚಲು ಹೋದಾಗ ಲ್ಯಾಪ್‌ಟಾಪ್ ತೆರೆದೆ. ಕಾಕೂ ಬ್ಲಾಗಿನಲ್ಲಿ ಹೀಗಿತ್ತು: "ಇಂದು ಬೆಳಗ್ಗೆ ಕಲ್ಲಿದ್ದಲಿನ ವಾಹನವು ಪುನಃ ಆಗಮಿಸಿತು." ಬೇರೆ ಲೇಖನ, ಅದೇ ಟ್ರಕ್. ಆಡ್-ಆನ್ ಇಲ್ಲದ ನನ್ನ ಫೋನಿನಲ್ಲಿ ಅದೇ ಪುಟ ತೆಗೆದೆ. ಮರಾಠಿ, ದೇವನಾಗರಿ, ಎಂದಿನ ಕಾಕೂ.

ಆಗ ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ಕುತೂಹಲ. ಲ್ಯಾಪ್‌ಟಾಪಿನಲ್ಲಿ ನಮ್ಮ ಶಾಲೆಯ ಹಿಂದಿ ಸುತ್ತೋಲೆ ತೆರೆದೆ. "ಸಮಸ್ತ ಶಿಕ್ಷಕರಿಗೆ ಸೂಚಿಸಲಾಗುತ್ತದೆ" ಎಂದು ಕನ್ನಡದಲ್ಲಿ ಗದರಿತು. ಒಂದು ಮರಾಠಿ ಅಡುಗೆ ಪುಟ ತೆರೆದೆ, ಅದೂ ಕನ್ನಡ. ಆಡ್-ಆನ್‌ನ ಪುಟಕ್ಕೆ ಹೋದೆ. ಮೊದಲು ಅಲ್ಲಿ ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು ಎಂದು ನೆನಪು, ಈಗ ಕಂಪನಿಯ ಹೆಸರಿನಂಥದ್ದು ಇತ್ತು. ಹಳೆಯ ಹೆಸರು ಯಾವುದು, ಅದು ನಿಜವಾಗಿ ವ್ಯಕ್ತಿಯ ಹೆಸರೇ ಎಂದು ನೋಡಲು ದಾರಿಯಿರಲಿಲ್ಲ. ಏನು ಬದಲಾಗಿದೆ ಎಂಬಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿದ್ದೇವೆ, ಅನುಭವವನ್ನು ಉತ್ತಮಗೊಳಿಸಿದ್ದೇವೆ. ಒಂದು ಆಡ್-ಆನ್ ತನ್ನ ಕಸುಬನ್ನೇ ಬಿಟ್ಟು ಬೇರೆ ಕಸುಬು ಹಿಡಿದಿತ್ತು, ಬಡಗಿ ರಾತ್ರೋರಾತ್ರಿ ದರ್ಜಿಯಾದ ಹಾಗೆ. ಬ್ರೌಸರ್ ಅವನನ್ನು ತಡೆಯದೆ, ನಮಗೂ ತಿಳಿಸದೆ ಒಳಗೆ ಬಿಟ್ಟುಕೊಂಡಿತ್ತು. ಬ್ರೌಸರ್‌ಗಳು ಹೀಗೆಯೇ: ಆಡ್-ಆನ್‌ಗಳನ್ನು ತಾವಾಗಿ, ಹಿಂದಿನ ಕೋಣೆಯಲ್ಲಿ, ಸದ್ದಿಲ್ಲದೆ ಹೊಸದು ಮಾಡುತ್ತವೆ. ಯಾವ ಗಳಿಗೆಯಲ್ಲಿ? ಅತ್ತೆ ಆಗ ಕಾಕೂನ ಯಾವ ಲೇಖನದ ಎದುರು ಕೂತಿದ್ದರು? ಮೊದಲ ಅರ್ಧ ಮರಾಠಿ ಓದಿ, ಎದ್ದು ಚಹಾ ಮಾಡಿಕೊಂಡು ಬಂದು, ಉಳಿದರ್ಧ ಕನ್ನಡದಲ್ಲಿ ಓದಿದರೆ? ಹಾಗೆ ಆಗಿದ್ದರೆ ಆ ಚಹಾ ಎಷ್ಟು ತಣ್ಣಗಾಗಿರಬೇಕು.

ಗಂಡ ಬುಟಿಬೋರಿಯಿಂದ ಕಂಪನಿ ಬಸ್ಸಿನಲ್ಲಿ ಬಂದ. ಅಲ್ಲೊಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ಅವನ ಕೆಲಸ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ; ಅವನ ಕನ್ನಡ ಮೂರು ಭಾಷೆಗಳ ಮೇಲೆ ಕಾಲಿಟ್ಟು ನಿಂತಿದೆ, ಅಮ್ಮನನ್ನು ಮರಾಠಿಯವರಂತೆ ಆಯಿ ಎನ್ನುತ್ತಾನೆ. ಬಾಲ್ಕನಿಗೆ ಕರೆದು ಎಲ್ಲ ಹೇಳಿದೆ.

"ಅರೆ, ಅಪ್‌ಡೇಟ್ ಆಗಿರ್ತದ, ಬಸ್. ಆಯಿ ಖುಷ್ ಇದ್ದಾಳಿಲ್ಲ? ಛೋಡ್."

"ಭಾನುವಾರ ಅಲ್ಲಿ ಎಲ್ಲರ ಮುಂದೆ ಓದ್ತಾರೆ. ಕಾಕೂ ಏನಂತಾರೆ? ನಾನು ಕನ್ನಡ ಕಲಿತೇ ಇಲ್ಲವಲ್ಲ ಅಂತಾರೆ. ಆಮೇಲೆ ಅಮ್ಮನ ಮುಖ ಯಾರು ನೋಡೋದು?"

ಅವನು ರೇಲಿಂಗ್ ಕೆರೆಯತೊಡಗಿದ. "ಹೇಳಬೇಕು ಹಂಗಾರ. ನೀ ಹೇಳು. ನಂಗ ಆಗೂದಿಲ್ಲ."

"ನಿಮ್ಮ ಕಾರ್ಖಾನೇಲಿ ಯಾರಾದರೂ ಮಷಿನ್ ಸೆಟ್ಟಿಂಗ್ ಬದಲಾಯಿಸಿದರೆ ಮುಂದಿನ ಶಿಫ್ಟಿನವರಿಗೆ ಹೇಗೆ ಗೊತ್ತಾಗತ್ತೆ?"

"ಮಷಿನಿಗೇ ಕೆಂಪು ಟ್ಯಾಗ್ ಕಟ್ಟತೇವಿ. ಗೇಟಿನ ಬೋರ್ಡಿಗೆ ಹಚ್ಚಿದ್ರ ಯಾವನೂ ಓದೂದಿಲ್ಲ. ಮಷಿನ್ ಮುಟ್ಟಾಂವನೇ ಅದನ್ನ ಬಿಚ್ಚಬೇಕು, ತನ್ನ ಕೈಲೆ. ಬಿಚ್ಚಿದ ಅಂದ್ರ ಓದ್ಯಾನ ಅಂತ ಅರ್ಥ."

"ಪ್ರತಿಯೊಂದಕ್ಕೂ ಕಟ್ಟುತ್ತೀರಾ?"

"ಹುಚ್ಚೇನು? ಎಣ್ಣೀ ಹಾಕಿದ್ದಕ್ಕೂ ಟ್ಯಾಗ್ ಕಟ್ಟಿದ್ರ ಎಲ್ಲಾರೂ ನೋಡದ ಬಿಚ್ಚಿ ಒಗೀತಾರ. ಕೆಲಸ ಬದಲಾದ್ರ ಅಷ್ಟ."

ಶನಿವಾರ ಬೆಳಿಗ್ಗೆ ಅತ್ತೆ ಡಬ್ಬಿಗೆಂದು ಶೇಂಗಾ ಹೋಳಿಗೆಯ ಹೂರಣ ಕುಟ್ಟಿ ಕೈ ತೊಳೆದು ಕೂತಿದ್ದರು. ಹೇಗೆ ಶುರು ಮಾಡುವುದು ತಿಳಿಯಲಿಲ್ಲ. ಫೋನಿನಲ್ಲಿ ಕಾಕೂನ ಪುಟ ತೆರೆದು ಅವರ ಕೈಗೆ ಕೊಟ್ಟೆ. ಅವರು ಓದಿದರು. ಬೆರಳನ್ನು ಅಕ್ಷರದ ಕೆಳಗಿಟ್ಟು, ಒಂದೊಂದಾಗಿ, ಗಟ್ಟಿಯಾಗಿ. ಎರಡು ವಾಕ್ಯ ಆದಮೇಲೆ ನಿಲ್ಲಿಸಿದರು.

"ಇದು ಮರಾಠಿ ಐತಿ."

"ಹೌದಮ್ಮ."

"ಎರಡರಾಗೂ ಬರೀತಾಳೇನ ಹಂಗಾರ?"

"ಇಲ್ಲಮ್ಮ. ಕಾಕೂ ಬರೆಯೋದು ಇದೊಂದೇ. ಲ್ಯಾಪ್‌ಟಾಪಲ್ಲಿ ಇದನ್ನ ಕನ್ನಡ ಮಾಡ್ತಿರೋದು ನಾನು ಹಾಕಿಕೊಟ್ಟಿದ್ದೆನಲ್ಲ, ಆ ಆಡ್-ಆನ್. ಮುಂಚೆ ಬರೀ ಅಕ್ಷರ ಬದಲಾಯಿಸ್ತಿತ್ತು. ಈಗ ಮಾತನ್ನೇ ಬದಲಾಯಿಸ್ತಿದೆ. ಅಪ್‌ಡೇಟ್ ಆಗಿದೆ."

"ಯಾರ ಹೇಳಿದ್ರು ಮಾಡಂತ?"

"ಯಾರೂ ಹೇಳಿಲ್ಲ. ತಾನಾಗೇ ಆಗತ್ತೆ."

ಇಲ್ಲಿ ಆ ಸದ್ದು ಬಂತು, ನಾನು ಮೊದಲಿಗೆ ಹೇಳಿದ್ದು. ಆಮೇಲೆ ಅತ್ತೆ ಫೋನನ್ನು ಮಂಚದ ಮೇಲೆ ಬೋರಲಾಗಿ ಇಟ್ಟರು.

"ಅದಕ್ಕ. ಆಕಿ ಇಷ್ಟ ಸಪ್ಪಗ ಎಂದ ಬರದಾಳು, ಅಂತೀನಿ. ಆಗಮಿಸಿತು ಅಂತ. ಟ್ರಕ್ ಏನ ಬೀಗರೇನು?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ, ಅಥವಾ ಆಗಲೇ ನಕ್ಕಾಗಿತ್ತು. ಕುಟ್ಟಿದ ಹೂರಣದ ಮೇಲೆ ತಟ್ಟೆ ಮುಚ್ಚುತ್ತ ಹೇಳಿದರು:

"ನಡೂಕ ಒಂದ್ ದಿನಾ ಲ್ಯಾಪ್‌ಟಾಪಿನಾಗ ಒಂದು ಕಿಟಕಿ ತೆರಕೊಂಡಿತ್ತು. ಇಂಗ್ಲಿಷಿನಾಗ ಏನೋ ಉದ್ದಕ ಇತ್ತು. ತಾನ ತೆರಕೊಂಡದ್ದನ್ನ ಓದಬ್ಯಾಡ, ಒತ್ತಬ್ಯಾಡ, ಮುಚ್ಚು ಅಂತ ನಿನ್ನ ಗಂಡನ ಹೇಳ್ಯಾನ. ಮುಚ್ಚಿದೆ."

ಮೋಸದ ಕಿಟಕಿಗಳಿಗೆ ಹೆದರಿ ಅವನು ಹಾಗೆ ಹೇಳಿಕೊಟ್ಟಿದ್ದ, ಸರಿಯಾಗಿಯೇ ಹೇಳಿಕೊಟ್ಟಿದ್ದ. ಹಾಗಾದರೆ ಆಡ್-ಆನ್ ಹೇಳಿಯೇ ಬದಲಾಗಿತ್ತೆ? ಆ ಕಿಟಕಿ ಅದರದ್ದೇ, ಬೇರೆ ಯಾವುದೋ ಜಾಹೀರಾತೆ? ಹುಡುಕಿದೆ, ಮುಚ್ಚಿದ ಕಿಟಕಿಯ ಗುರುತು ಸಿಗಲಿಲ್ಲ.

ಆ ಮಧ್ಯಾಹ್ನ ಬ್ರೌಸರ್ ಮಾಡುವವರ ಸಲಹೆಗಳ ಪುಟದಲ್ಲಿ ನಾನು ಬರೆಯಲು ಕೂತೆ. ಅತ್ತೆ ಪಕ್ಕದಲ್ಲೇ ಹೋಳಿಗೆ ಲಟ್ಟಿಸುತ್ತ, "ಏನ ಬರದಿ, ಓದು" ಎನ್ನುತ್ತಿದ್ದರು. ಕೆಂಪು ಟ್ಯಾಗಿನಿಂದ ಶುರು ಮಾಡಿದೆ. ಸುರಕ್ಷತೆಯ ಬಿರುಕು ಮುಚ್ಚುವ ಅಪ್‌ಡೇಟು ಕೇಳದೆ ಬರಲಿ, ಬರಲೇಬೇಕು, ಕಳ್ಳರು ಕಾಯುವುದಿಲ್ಲ. ಆದರೆ ಆಡ್-ಆನ್ ಮಾಡುವ ಕೆಲಸವೇ ಬದಲಾದರೆ, ಅಥವಾ ಅದರ ಯಜಮಾನ ಬದಲಾದರೆ, ಅದು ಹೊಸ್ತಿಲಲ್ಲಿ ನಿಂತು ಕೇಳಲಿ. ಎಲ್ಲಿ ಕೇಳಬೇಕು? ಬೇರೆ ಕಿಟಕಿಯಲ್ಲಲ್ಲ, ಅದು ಬದಲಾಯಿಸುತ್ತಿರುವ ಪುಟದ ಮೇಲೆಯೇ, ಹಳೆಯ ಸಾಲು ಹೊಸ ಸಾಲು ಅಕ್ಕಪಕ್ಕ ಇಟ್ಟ ಒಂದು ಚೀಟಿಯಲ್ಲಿ. ಓದುವವರು ತಮ್ಮ ಕೈಯಿಂದ ಆ ಚೀಟಿ ತೆಗೆಯುವ ತನಕ ಹಳೆಯ ಕೆಲಸವೇ ನಡೆಯಲಿ. ಕೇಳುವ ಮಾತು ಬ್ರೌಸರಿನದ್ದೇ ಆಗಿರಲಿ, ಬೇರೆಯವರು ಅದರ ವೇಷ ಹಾಕಲಾಗದಂಥ ಗುರುತಿರಲಿ, ಇಲ್ಲದಿದ್ದರೆ ಮೋಸವೆಂದು ನಾವು ಮುಚ್ಚುತ್ತೇವೆ.

"ಇಂಗ್ಲಿಷಿನಾಗ ಕೇಳಿದ್ರ ನನಗೇನ ತಿಳೀತೈತಿ?" ಎಂದರು ಅತ್ತೆ. "ನೀ ಹಾಕಿಕೊಟ್ಟಿ, ಓದಾಕಿ ನಾನು. ಓದಾಕಿನ್ನ ಕೇಳಬೇಕು. ಹಾಕಿದಾಕಿನ್ನಲ್ಲ."

ಅದನ್ನು ಬರೆದೆ. ಭಾಷೆ ಬದಲಿಸುವುದನ್ನೇ ಕಸುಬು ಮಾಡಿಕೊಂಡ ಆಡ್-ಆನ್ ತನ್ನ ಬಗ್ಗೆ ಮಾತ್ರ ಇಂಗ್ಲಿಷಿನಲ್ಲಿ ಹೇಳುವುದು ಏಕೆ ಎಂದೂ ಸೇರಿಸಿ, ವ್ಯಂಗ್ಯ ಹೆಚ್ಚಾಯಿತೆಂದು ಅಳಿಸಿದೆ. ಹಿಂದಿನ ಆವೃತ್ತಿಗೆ ಮರಳುವ ಗುಂಡಿ ಇರಲಿ ಎಂದೆ. ನನಗೆ ಹಳೆಯದು ಸಿಕ್ಕಿದ್ದು ಅಂತರ್ಜಾಲದ ಯಾವುದೋ ಮೂಲೆಯಲ್ಲಿ, ಅದನ್ನು ಹಾಕಿಕೊಂಡರೆ ಅಪಾಯ ನಿಮ್ಮದು ಎಂಬ ಎಚ್ಚರಿಕೆಯ ಜೊತೆ. ಆ ಎಚ್ಚರಿಕೆ ಸುಳ್ಳಲ್ಲ. ಹಳೆಯದರಲ್ಲಿ ನಿಜಕ್ಕೂ ಯಾವ ಬಿರುಕಿತ್ತು, ಹೊಸದು ಅದನ್ನು ಮುಚ್ಚಿತ್ತೇ? ಬಿರುಕು ಮುಚ್ಚಿದ್ದನ್ನೂ ಕಸುಬು ಬದಲಿಸಿದ್ದನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದರೆ ನಾನು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸುವುದು ಹೇಗೆ? ಎರಡನ್ನೂ ಬೇರೆ ಬೇರೆ ಕಳಿಸಿ ಎಂದು ಬರೆದೆ. ಸಂಜೆ ಗಂಡ ಓದಿ, "ಇಷ್ಟೆಲ್ಲಾ ಯಾರ ಮಾಡ್ತಾರ? ಒಂದ ಮಾತು ಬರಿ ಸಾಕು, ಟ್ಯಾಗ್ ಕಟ್ಟರಿ ಅಂತ" ಎಂದ. ಕಳಿಸಿಯಾಗಿತ್ತು. ಈವರೆಗೆ ಉತ್ತರವಿಲ್ಲ. ನನ್ನ ಸಲಹೆಯ ಕೆಳಗೆ ಯಾರೋ ಒಬ್ಬರು, ನನ್ನ ಅಜ್ಜನಿಗೂ ಹೀಗೇ ಆಯಿತು ಎಂದು ಬರೆದಿದ್ದಾರೆ. ಅಜ್ಜನಿಗೆ ಏನಾಯಿತೆಂದು ಬರೆದಿಲ್ಲ. ಕೇಳಿದೆ; ಅವರೂ ಉತ್ತರಿಸಿಲ್ಲ.

ಈ ಸಂಗತಿಗೂ ನೆನಪಿಗೂ ಒಂದು ಹೋಲಿಕೆ ಹೂಡಬಹುದು ಎಂದು ಇಲ್ಲಿ ಕೈ ತುರಿಸುತ್ತದೆ. ಹೂಡುವುದಿಲ್ಲ.

ಹಳೆಯದನ್ನು ಹಾಕಿಕೊಡಲೇ ಎಂದು ಅತ್ತೆಯನ್ನೇ ಕೇಳಿದೆ. "ಈಗ ಕೇಳತಿ. ಹಾಕು" ಎಂದರು. ಹಾಕಿದೆ.

ಭಾನುವಾರ ಸಾವನೇರಿಗೆ ಹೋಗುವರೋ ಇಲ್ಲವೋ ಎಂಬ ಭಯವಿತ್ತು. ಅತ್ತೆ ಬೆಳಿಗ್ಗೆಯೇ ಸೀರೆಯುಟ್ಟು ಡಬ್ಬಿ ಮಡಿಲಲ್ಲಿಟ್ಟುಕೊಂಡು ಸಿದ್ಧವಾಗಿದ್ದರು. ಗಂಡನಿಗೆ ಶಿಫ್ಟ್ ಇತ್ತು, ನಾವಿಬ್ಬರೇ ಹೊರಟೆವು. ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆಯ ಬೋರ್ಡುಗಳನ್ನು ಓದುತ್ತಿದ್ದರು, ತುಟಿ ಅಲ್ಲಾಡಿಸುತ್ತ. ಕೆಲವು ಓದಿ ಮುಗಿಯುವ ಮೊದಲೇ ಹಿಂದೆ ಹೋಗುತ್ತಿದ್ದವು. ಆಗ ಅಸಮಾಧಾನದಿಂದ ಡ್ರೈವರನ ಕಡೆ ನೋಡುತ್ತಿದ್ದರು. ಹಾಳೆ ತಂದಿದ್ದಾರೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾಕೂ ಬಾಗಿಲಲ್ಲೇ ಇದ್ದರು. "ಯೇ ಗ ಬಾಈ, ಯೇ" ಎಂದು ಅತ್ತೆಯ ತೋಳು ಹಿಡಿದು, ಮರಾಠಿಯಲ್ಲಿ, "ಎಷ್ಟು ದಪ್ಪಗಾಗಿದ್ದೀ. ನನ್ನ ಡಬ್ಬಿ ತುಂಬುವುದು ಬಿಟ್ಟು ಎಲ್ಲ ನೀನೇ ತಿಂದೆಯಾ?" ಎಂದರು. ಮಗಳು, ಅಳಿಯ ಎದ್ದು ನಿಂತರು. ಎಲ್ಲರೂ ಕೂತಮೇಲೆ ಅತ್ತೆ ಕಾಕೂನ ಕಡೆ ಕೈ ಚಾಚಿ, "ಫೋನ್ ದೇ" ಎಂದರು. ಕಾಕೂ ಕೊಟ್ಟರು. ಅತ್ತೆ ಆ ವಾರದ ಲೇಖನ ತೆಗೆಸಿ, ಕಾಕೂನ ಮುಂದೆ, ಕಾಕೂನ ಅಕ್ಷರಗಳಲ್ಲಿ ಓದತೊಡಗಿದರು. ನಿಧಾನವಾಗಿ, ಎಡವುತ್ತ. ಒಂದು ಒತ್ತಕ್ಷರದ ಹತ್ತಿರ ನಿಂತಾಗ ಅಳಿಯ ಹೇಳಿಕೊಡಲು ಬಾಯಿ ತೆರೆದ. ಕಾಕೂ ಹಳೆಯ ಮೇಡಮ್ಮಿನ ಕೈಯೆತ್ತಿ ಅವನನ್ನು ತಡೆದರು. ಅತ್ತೆ ತಾವೇ ದಾಟಿದರು.

"ನೀನು ನನ್ನ ಎದುರು ಬಾಗಿಲಲ್ಲಿ ಇಷ್ಟು ವರ್ಷ ಇದ್ದೆ, ಒಂದಕ್ಷರ ಕಲಿಯಲಿಲ್ಲ" ಎಂದರು ಕಾಕೂ. "ನಾನು ಊರು ಬಿಟ್ಟಮೇಲೆ ಕಲಿತೆಯಾ? ಮೊದಲೇ ಬಿಡಬೇಕಿತ್ತು ನಾನು. ಯಾಕೆ ಕಲಿತೆ, ಹೇಳು."

ಅತ್ತೆ ನನ್ನ ಕಡೆ ನೋಡಲಿಲ್ಲ. "ಒಳಗ ನಡಿ, ಹೇಳತೀನಿ" ಎಂದು ಕನ್ನಡದಲ್ಲೇ ಹೇಳಿ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ಕಾಕೂ ಹಿಂದೆ ಹೋದರು. ಕುಕ್ಕರಿನ ಸದ್ದಿತ್ತು. ಒಮ್ಮೆ ಕಾಕೂ ಬಾಯಲ್ಲಿ "ಕಾನಡೀ?" ಎಂಬ ಮಾತು ಕೇಳಿದ ಹಾಗಾಯಿತು, ಮರಾಠಿಯಲ್ಲಿ ಕನ್ನಡಕ್ಕೆ ಹಾಗೆನ್ನುತ್ತಾರೆ. ಮಿಕ್ಕದ್ದನ್ನು ಕುಕ್ಕರ್ ನುಂಗಿತು. ಹೊರಗೆ ಬಂದಾಗ ಕಾಕೂನ ಕಣ್ಣು ಕೆಂಪಗಿತ್ತು, ಆದರೆ ಕೈಯಲ್ಲಿ ಹೆಚ್ಚಿದ ಈರುಳ್ಳಿಯ ತಟ್ಟೆಯೂ ಇತ್ತು. ಹಾಳೆಯ ಮಾತು ಬರಲಿಲ್ಲ. ಹಿಂದಿರುಗುವಾಗ ಡಬ್ಬಿ ಅಲ್ಲೇ ಉಳಿಯಿತು. ಪಾಳಿ ಈಗ ಕಾಕೂನದ್ದು.

ಆ ಸಂಜೆ ಎಲ್ಲ ಕೇಳಿಕೊಂಡ ಗಂಡ ಊಟದ ತಟ್ಟೆಯ ಮುಂದೆ ತಟ್ಟನೆ ಕೈ ನಿಲ್ಲಿಸಿ, ದನಿ ತಗ್ಗಿಸಿ, "ಒಂದ್ ಮಿನಿಟ್" ಎಂದ. "ಆಯಿ ಊರಿನ ಸುದ್ದೀನೂ ಲ್ಯಾಪ್‌ಟಾಪಿನಾಗ ಓದತಾಳಲ್ಲ, ಮರಾಠಿ ಪೇಪರಿನ ಸೈಟು. ಅದೂ ಕನ್ನಡ ಆಗಿರಬೇಕಲ್ಲ? ಪೇಪರೂ ತನ್ನ ಸಲುವಾಗಿ ಕನ್ನಡ ಕಲೀತು ಅಂತ ತಿಳಿದಿದ್ದಳೇನು?"

ನನಗೆ ಅದು ಹೊಳೆದೇ ಇರಲಿಲ್ಲ. ಆ ವಾರಗಳಲ್ಲಿ ಅತ್ತೆ ಪೇಪರ್ ಓದಿದ್ದರೋ, ಕಾಕೂನದ್ದು ಮಾತ್ರ ಓದಿ ಹಾಲಿನ ಪೊಟ್ಟಣ ಹಿಡಿದು ಕೂತಿದ್ದರೋ ನಾನು ನೋಡಿಲ್ಲ. ಓದಿದ್ದರೆ, ಎಲ್ಲ ಒಟ್ಟಿಗೇ ಕನ್ನಡವಾದದ್ದು ಅವರಿಗೆ ಮೊದಲ ದಿನವೇ ತಿಳಿದಿರಬೇಕು. ತಿಳಿದಿದ್ದರೆ ಆ ಹಾಳೆಯನ್ನು ಯಾಕೆ ಬರೆದರು, ನನಗೆ ಯಾಕೆ ತೋರಿಸಿದರು? ಅಕ್ಷರ ಕಲಿಯಲು ಒಂದು ನೆಪ ಬೇಕಿತ್ತೆ? ಹಾಗಿದ್ದರೆ ಶನಿವಾರ ಬಂದ ಆ ಸದ್ದು ಯಾವುದು?

ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದಾರೆ, ಈಗ ಬರೆಯುವಾಗಲೂ. ಕಾಕೂನ ಹೊಸ ಲೇಖನವನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಯಾವ ಅಕ್ಷರಗಳಲ್ಲಿ ಎಂದು ಇಲ್ಲಿಂದ ಕಾಣುವುದಿಲ್ಲ. ಎದ್ದು ಹೋಗಿ ಕೇಳಬಹುದು. ಇನ್ನೂ ಕೇಳಿಲ್ಲ. ಕಾಕೂ ತನಗಾಗಿ ಕನ್ನಡ ಕಲಿತರೆಂದು ಅವರು ನಿಜವಾಗಿ ನಂಬಿದ್ದರೇ, ಅಡುಗೆಮನೆಯಲ್ಲಿ ಕಾಕೂಗೆ ಏನು ಹೇಳಿದರು, ನನಗೆ ಗೊತ್ತಿಲ್ಲ.